ಹೊಲಕ್ಕೆ ಬಾರದ ಮೀಟರ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಹಾರಾಜಶ್ರೀ ವಿದ್ಯುತ್ ಮೀಟರ್ ಸಾಹೇಬರ ಸನ್ನಿಧಾನಕ್ಕೆ,

ಬ್ಯಾಡಗಿ ಸೀಮೆಯ ಪಂಪ್‌ಸೆಟ್ ರೈತನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಟಿಸಿ (ಟ್ರಾನ್ಸ್‌ಫಾರ್ಮರ್) ಒಂದು ಸುಟ್ಟಿದ್ದನ್ನು ಬಿಟ್ಟರೆ ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಕೇಳಬೇಕಾಗಿಲ್ಲ. ಪಡಸಾಲೆಯ ಗೋಡೆಗೆ ಕೂತು ಕೆಂಪು ದೀಪ ಮಿಟುಕಿಸುವುದನ್ನು ದಿನಾ ನೋಡುತ್ತೇವೆ. ಊರಲ್ಲಿ ತಾವಿಲ್ಲದ ಜಾಗ ಕಡಿಮೆ. ಹಿಟ್ಟಿನ ಗಿರಣಿಯಲ್ಲಿದ್ದೀರಿ, ಗುಡಿಯಲ್ಲಿದ್ದೀರಿ, ಗ್ರಾಮ ಪಂಚಾಯಿತಿಯಲ್ಲಿದ್ದೀರಿ, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಂತೂ ಬೀಗ ಹಾಕಿದ ಪೆಟ್ಟಿಗೆಯೊಳಗೆ ವಿರಾಜಮಾನರಾಗಿದ್ದೀರಿ. ಊರು ದಾಟಿ ಹೊಲದ ಬದು ಹತ್ತಿದ ಕೂಡಲೇ ಮಾತ್ರ ನಾಪತ್ತೆ.

ಬರಬಾರದೆಂದು ಯಾರೂ ಹೇಳಿಲ್ಲ. 2003ರ ವಿದ್ಯುತ್ ಕಾಯ್ದೆ ಆ ವರ್ಷದ ಜೂನ್ 10ರಂದು ಜಾರಿಗೆ ಬಂತು. ಅದರ 55ನೇ ಕಲಂ ಹೇಳುವುದು ಇಷ್ಟೇ: ಎರಡು ವರ್ಷ ಕಳೆದ ಮೇಲೆ ಸರಿಯಾದ ಮೀಟರ್ ಇಲ್ಲದೆ ಯಾರಿಗೂ ಕರೆಂಟು ಕೊಡಕೂಡದು. ಬೇಕಾದರೆ ಅವಧಿ ಮುಂದೂಡಬಹುದು ಎಂಬ ಮಾತೂ ಅಲ್ಲೇ ಇದೆ, ಮತ್ತು ನಮ್ಮ ಕಡೆ ಚಾಚೂ ತಪ್ಪದೆ ಪಾಲನೆಯಾದದ್ದು ಆ ಮಾತೊಂದೇ. ವಿದ್ಯುತ್ ನಿಯಂತ್ರಣ ಆಯೋಗ ತನ್ನ ಆದೇಶಗಳಲ್ಲಿ ಪಂಪ್‌ಸೆಟ್‌ಗಳಿಗೆ ಮೀಟರ್ ಹಾಕಿರೆಂದು ಬರೆಯುತ್ತಲೇ ಬಂದಿದೆ. ಬರೆದದ್ದನ್ನು ಫೈಲಿಗೆ ಹಾಕುತ್ತಲೇ ಬಂದಿದ್ದಾರೆ. ಹೀಗೆ ಇಪ್ಪತ್ತು ವರ್ಷ ದಾಟಿತು. ತಾವು ಬರುವ ದಾರಿಯಲ್ಲೇ ಇದ್ದೀರೆಂದು ನಂಬಿ ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ಮನೆಯ ಮಾತು ಮುಗಿಸೋಣ. ಮನೆಯಲ್ಲಿ ತಾವಿದ್ದೀರಿ, ಬಿಲ್ಲಿಲ್ಲ. 2023ರಲ್ಲಿ ರಾಜ್ಯದ ಗೃಹಜ್ಯೋತಿ ಯೋಜನೆ ಬಂದಾಗ 200 ಯುನಿಟ್‌ವರೆಗೆ ಪುಕ್ಕಟೆ ಎಂದರು. ಆದರೆ ಪ್ರತಿ ಮನೆಗೂ 200 ಅಲ್ಲ. ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದೀರೋ ಅದರ ಮೇಲೆ ಶೇಕಡಾ 10. ಎರಡು ಬಲ್ಬು, ಒಂದು ಫ್ಯಾನಿನಲ್ಲಿ 30 ಯುನಿಟ್‌ನೊಳಗೆ ತಿಂಗಳು ದೂಡಿದ ಮುದುಕಿಗೆ 33 ಯುನಿಟ್ ಸಿಕ್ಕಿತು. ಗೀಸರು, ಏಸಿ ಇಟ್ಟುಕೊಂಡು 180 ಸುಟ್ಟವರಿಗೆ 198. ಆಮೇಲೆ ಯಾರಿಗೋ ನಾಚಿಕೆಯಾಗಿರಬೇಕು, ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯುನಿಟ್ ಹೆಚ್ಚು ಕೊಡುವ ತಿದ್ದುಪಡಿ ಮಾಡಿದರು. ಅಂದರೆ 33 ಹೋಗಿ 40 ಆಯಿತು. ಕರೆಂಟು ಉಳಿಸಿರಿ ಎಂದು ಗೋಡೆ ಗೋಡೆಗೆ ಬರೆಸಿದ ಸರ್ಕಾರ, ಉಳಿಸಿದವರ ಹೆಸರಿಗೆ ಸಣ್ಣ ತುಂಡನ್ನೂ ಸುಟ್ಟವರ ಹೆಸರಿಗೆ ದೊಡ್ಡ ತುಂಡನ್ನೂ ಪಾಲು ಹಾಕಿಕೊಟ್ಟಿತು. ತಾವು ಬರೆದಿಟ್ಟ ಹಳೆಯ ಅಂಕಿಯೇ ಅದಕ್ಕೆ ಪಹಣಿ ಪತ್ರ. ಅಂಕಿಗೆ ಇಷ್ಟು ಬಲ ಇದೆಯೆಂದು ಆ ಮುದುಕಿಗೆ ಮೊದಲೇ ಗೊತ್ತಿದ್ದರೆ ಒಂದು ವರ್ಷ ಹಗಲೂ ದೀಪ ಹಚ್ಚಿಡುತ್ತಿದ್ದಳು.

ಈಗ ಹೊಲಕ್ಕೆ ಬನ್ನಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಕರೆಂಟು ಪುಕ್ಕಟೆ. ದಿನಕ್ಕೆ ಏಳು ತಾಸು ತ್ರೀ ಫೇಸ್ ಕೊಡುತ್ತೇವೆಂಬುದು ಘೋಷಣೆ. ಯಾವ ಏಳು ತಾಸು ಎಂಬುದು ಬೇರೆ ವಿಚಾರ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಗೆ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಅದರಲ್ಲಿ ಒಬ್ಬ ಮಳೆ ಕಾಣುತ್ತಾನೆ, ಇನ್ನೊಬ್ಬ ಚುನಾವಣೆ ಕಾಣುತ್ತಾನೆ. ವಾಟ್ಸಾಪಿನಲ್ಲಿ ಬರುವ ತ್ರೀ ಫೇಸ್ ವೇಳಾಪಟ್ಟಿಯನ್ನೂ ನಾವು ಹಾಗೆಯೇ ಓದುತ್ತೇವೆ. ಹಗಲು ಮೂರು ತಾಸು, ರಾತ್ರಿ ನಾಲ್ಕು ತಾಸು ಎಂದಿದ್ದರೆ ಹಗಲಿನದು ಗಾಳಿಗೆ ಹೋಗುತ್ತದೆ, ರಾತ್ರಿಯದು ಎರಡು ಗಂಟೆಗೆ ಬರುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯುವವನು ಕಣ್ಣು ಕಾಲಿನ ಮುಂದಿನ ಹುಲ್ಲಿನ ಮೇಲಿಟ್ಟಿರುತ್ತಾನೆ. ಹಾವಿಗೂ ರಾತ್ರಿ ಪಾಳಿಯೇ.

ಹಾಗಾಗಿ ನಾವೊಂದು ಉಪಾಯ ಕಂಡುಕೊಂಡೆವು. ತಾವು ಬಂದಿದ್ದರೆ ಮೊದಲು ನೋಡುತ್ತಿದ್ದದ್ದು ಅದನ್ನೇ. ಬೋರಿನ ಪಕ್ಕ ಕಲ್ಲುಕಂಬಕ್ಕೆ ತಂತಿಯಲ್ಲಿ ಬಿಗಿದ ತಗಡಿನ ಪೆಟ್ಟಿಗೆ. ಮುಚ್ಚಳದ ಕೊಂಡಿ ಎಂದೋ ಮುರಿದಿದೆ, ಮಳೆಗೆ ಮರೆಯಾಗಿ ಗೊಬ್ಬರದ ಖಾಲಿ ಚೀಲ ಹೊದಿಸಿದೆ. ಒಳಗೆ ಹಸಿರು ಗುಂಡಿ, ಕೆಂಪು ಗುಂಡಿ, ನಡುಗುವ ಮುಳ್ಳಿನ ಒಂದು ಆಂಪಿಯರ್ ಗಡಿಯಾರ. ಫ್ಯೂಸ್ ಇರಬೇಕಾದಲ್ಲಿ ಎರಡು ಎಳೆ ತಾಮ್ರದ ತಂತಿ ಹೊಸೆದು ಸಿಕ್ಕಿಸಿದೆ. ಕೆಪಾಸಿಟರ್ ಇದೆ, ಅದರ ವೈರು ಬಿಚ್ಚಿ ಪಕ್ಕಕ್ಕೆ ಮಡಚಿದೆ, ಅದರ ಮೇಲೆ ಹಲ್ಲಿ ಸಂಸಾರ ಹೂಡಿದೆ. ಇವೆಲ್ಲದರ ಮಧ್ಯೆ ಹೊಸದಾಗಿ ಹೊಳೆಯುವುದು ಒಂದೇ ವಸ್ತು, ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಮೋಟರು ತಾನೇ ಎದ್ದು ಕೂರುತ್ತದೆ, ರೈತ ಮನೆಯಲ್ಲಿ ಮಲಗಿರುತ್ತಾನೆ. ಒಂದು ಟಿಸಿಯ ಕೆಳಗಿನ ಅಷ್ಟೂ ಮೋಟರುಗಳು ಒಂದೇ ಗಳಿಗೆಯಲ್ಲಿ ಏಳುವುದರಿಂದ ವೋಲ್ಟೇಜು ಕುಸಿಯುತ್ತದೆ, ವೋಲ್ಟೇಜು ಕುಸಿದರೆ ಮೋಟರು ಹೆಚ್ಚು ಆಂಪಿಯರ್ ಎಳೆಯುತ್ತದೆ, ಹೆಚ್ಚು ಎಳೆದರೆ ವೈಂಡಿಂಗ್ ಸುಡುತ್ತದೆ, ಅದೂ ತಾಳಿಕೊಂಡರೆ ಟಿಸಿಯೇ ಸುಡುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಹೊಲದಲ್ಲಿ ನೀರು ಬದು ಒಡೆದು ದಾರಿಗೆ ಹರಿದಿರುತ್ತದೆ, ಪಕ್ಕದ ಹೊಲದಲ್ಲಿ ಪೈಪು ಒಣಗಿ ನಿಂತಿರುತ್ತದೆ. ಪುಕ್ಕಟೆ ಕರೆಂಟಿಗೆ ನಾವು ತೆರುವ ಬೆಲೆ ರಿವೈಂಡಿಂಗ್ ಅಂಗಡಿಯವನಿಗೆ ಗೊತ್ತು. ಅವನು ಮಾತ್ರ ಉದ್ರಿ ಕೊಡುವುದಿಲ್ಲ.

5 ಎಚ್‌ಪಿ ಮೋಟರು ತಾಸಿಗೆ ಕಡಿಮೆಯೆಂದರೂ ನಾಲ್ಕು ಯುನಿಟ್ ಕುಡಿಯುತ್ತದೆ. ಏಳು ತಾಸಿಗೆ 28. ಹೊಲದ ಮೋಟರಿನ ಒಂದು ದಿನದ ಊಟದಲ್ಲಿ ಆ ಮುದುಕಿಯ ತಿಂಗಳು ಕಳೆಯುತ್ತದೆ. ಮುದುಕಿಯ 40ಕ್ಕೆ ಮೂರು ಇಲಾಖೆಯ ಲೆಕ್ಕವಿದೆ. ಮೋಟರಿನ 28ಕ್ಕೆ ಯಾರ ಬಳಿಯೂ ಲೆಕ್ಕವಿಲ್ಲ. ಇಲ್ಲವೆಂದರೆ ತಪ್ಪಾದೀತು, ಅಂದಾಜಿದೆ. ಅಲ್ಲೊಂದು ಇಲ್ಲೊಂದು ಟಿಸಿಗೆ ಮೀಟರು ಕಟ್ಟಿ, ಬಂದ ಅಂಕಿಯನ್ನು ಪಂಪ್‌ಸೆಟ್‌ಗಳ ಸಂಖ್ಯೆಯಿಂದ ಗುಣಿಸಿ, ರೈತರು ಇಷ್ಟು ಬಳಸಿದರು ಎಂದು ಬರೆಯುತ್ತಾರೆ. ಆ ಅಂದಾಜಿನ ಮೇಲೆ ಸರ್ಕಾರ ವಿದ್ಯುತ್ ಕಂಪನಿಗಳಿಗೆ ಸಬ್ಸಿಡಿ ತುಂಬಿಕೊಡುತ್ತದೆ. ಅದರ ಮೊತ್ತ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಸಾವಿರ ಕೋಟಿಯನ್ನು ಎಂದೋ ದಾಟಿದೆ.

ಇಲ್ಲಿ ತಮ್ಮ ಗೈರುಹಾಜರಿಯಿಂದ ಯಾರಿಗೆ ಎಷ್ಟು ಲಾಭ ಎಂಬುದನ್ನು ಸ್ವಲ್ಪ ಯೋಚಿಸಿ. ಫೀಡರಿಗೆ ಬಂದ ಕರೆಂಟು ನೂರು. ಮೀಟರಿದ್ದವರು ಬಳಸಿದ್ದು ನಲವತ್ತು. ಉಳಿದ ಅರವತ್ತರಲ್ಲಿ ಹಳೇ ತಂತಿಯಲ್ಲಿ ಸೋರಿದ್ದೆಷ್ಟು, ಕೊಂಡಿ ಹಾಕಿ ಎಳೆದದ್ದೆಷ್ಟು, ನಿಜವಾಗಿ ಮೆಣಸಿನ ಗಿಡಕ್ಕೆ ಹೋದದ್ದೆಷ್ಟು? ಸೋರಿಕೆ ಎಂದು ಬರೆದರೆ ಆಯೋಗ ಕಿವಿ ಹಿಂಡುತ್ತದೆ. ಪಂಪ್‌ಸೆಟ್ ಎಂದು ಬರೆದರೆ ಸರ್ಕಾರ ದುಡ್ಡು ಕೊಡುತ್ತದೆ. ಯಾವ ಕಾಲಂ ತುಂಬುವ ಆಸೆ ಹುಟ್ಟುತ್ತದೆಂದು ಹೇಳಲು ಕಾರ್ಣಿಕ ಬೇಕಿಲ್ಲ. ಹೀಗೆ ನಮ್ಮ ಹೆಸರಿನಲ್ಲಿ ಯಾರು ಯಾರೋ ಉಂಡು ಹೋಗುತ್ತಾರೆ, ಊಟದ ಚೀಟಿಯಲ್ಲಿ ಮಾತ್ರ ‘ಅನ್ನದಾತ’ ಎಂದಿರುತ್ತದೆ. ಪಟ್ಟಣದವರು ಪೇಪರಿನಲ್ಲಿ ಓದಿ ‘ರೈತರು ಕರೆಂಟು ಪೋಲು ಮಾಡುತ್ತಾರೆ’ ಎನ್ನುತ್ತಾರೆ. ಮಾಡುತ್ತೇವೆ, ಇಲ್ಲವೆನ್ನುವುದಿಲ್ಲ. ಎಷ್ಟು ಎಂದು ನಮಗೂ ತಿಳಿದುಕೊಳ್ಳುವ ಆಸೆಯಿದೆ.

ಆದರೂ ತಾವು ಬರುತ್ತೀರೆಂಬ ಸುದ್ದಿ ಹಬ್ಬಿದರೆ ನಮ್ಮೂರಿನವರೇ ಮೊದಲು ಅಡ್ಡ ನಿಲ್ಲುತ್ತಾರೆ. ಕಟ್ಟೆಯ ಮೇಲಿನ ವಾದ ಸರಳವಾಗಿದೆ: “ಇವತ್ತ ಬರೇ ಯುನಿಟ್ ಬರ್ಕೊಂಡ್ ಹೊಕ್ಕೇವಿ ಅಂತಾರ, ನಾಳಿಗಿ ಅದ್ರ ಮುಂದ ರೂಪಾಯಿ ಬರೀತಾರ. ಹುಚ್ಚಪ್ಪಾ, ಮೀಟರ್ ಅಂದ್ರ ಬಿಲ್ಲಿನ ತಮ್ಮ ಅಲ್ಲೇನು?” ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ತಮ್ಮ ಕುಲದವರ ಬಗ್ಗೆ ನಮ್ಮ ಅನುಭವವೂ ಅಷ್ಟು ಸುಖದ್ದಲ್ಲ. ಗೋವಿನಜೋಳದ ಸುಗ್ಗಿಯಲ್ಲಿ ಹಾವೇರಿ ಜಿಲ್ಲೆಯ ಅರ್ಧ ರಸ್ತೆಗಳು ಕಣವಾಗುತ್ತವೆ. ಟಾರಿನ ಕಾವಿಗೆ ಕಾಳು ಒಣಗಲಿ ಎಂದು ಹರಡಿ, ಕಲ್ಲಿಟ್ಟು, ಲಾರಿಯವರಿಂದ ಬೈಸಿಕೊಂಡು ಕಾಯುತ್ತೇವೆ. ಆಗ ಖರೀದಿದಾರನ ಜೇಬಿನಿಂದ ತಮ್ಮ ಬಂಧು ತೇವಾಂಶ ಮೀಟರ್ ಹೊರಬರುತ್ತಾನೆ. ಬೆಂಬಲ ಬೆಲೆಗೆ ಶೇಕಡಾ 14ರ ಒಳಗಿರಬೇಕು. ಕಾಳು ನಮ್ಮದು, ಬಿಸಿಲು ದೇವರದು, ಮೀಟರು ಅವನದು. ಅದು ತೋರಿಸಿದ್ದೇ ಅಂಕಿ. ಆ ಮೀಟರಿಗೆ ಯಾವ ಕಲಮೂ ಅಡ್ಡ ಬಂದಿಲ್ಲ, ಅದು ಕರೆಯದೆ ಹೊಲಕ್ಕೇ ಬರುತ್ತದೆ.

ತಾವು ಒಮ್ಮೆ ನಮ್ಮಲ್ಲಿಗೆ ಬಂದದ್ದೂ ಉಂಟು, ಮರೆತಿಲ್ಲ. ಕಳೆದ ದಶಕದಲ್ಲಿ ಕೇಂದ್ರದ ಇಇಎಸ್‌ಎಲ್ ಕಂಪನಿ ಮತ್ತು ಹೆಸ್ಕಾಂ ಸೇರಿ ನಿಪ್ಪಾಣಿ, ಬ್ಯಾಡಗಿ ಭಾಗದಲ್ಲಿ ಸುಮಾರು 590 ಹಳೆಯ ಪಂಪುಗಳನ್ನು ತೆಗೆದು ಸ್ಟಾರ್ ಗುರುತಿನ ಹೊಸ ಪಂಪುಗಳನ್ನು ಕೂರಿಸಿದವು. ರೈತ ದುಡ್ಡು ಕೊಡಬೇಕಿರಲಿಲ್ಲ, ಉಳಿದ ಕರೆಂಟಿನಲ್ಲೇ ಕಂಪನಿಯ ಬಂಡವಾಳ ವಾಪಸಾಗುವ ಲೆಕ್ಕ. ತಾವು ಅಳೆದಾಗ ಉಳಿತಾಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಬಂತು. ಅಷ್ಟೇ ನೀರು, ಅದಕ್ಕೆ ಮೂರರಲ್ಲಿ ಎರಡು ಪಾಲು ಕರೆಂಟು ಸಾಕು! ಇದು ಸಣ್ಣ ಮಾತಲ್ಲ. ಆದರೆ ಉಳಿಸಿದ ಯುನಿಟ್‌ನಲ್ಲಿ ರೈತನಿಗೆ ಪಾಲಿರಲಿಲ್ಲ. ಬಿಲ್ಲೇ ಇಲ್ಲದವನಿಗೆ ಬಿಲ್ ಕಡಿಮೆಯಾಗುವುದು ಹೇಗೆ? ಪಂಪು ಹೊಸದು ಬಂತೆಂದು ಖುಷಿಪಟ್ಟ, ಸ್ಟಾರು ಎಷ್ಟೆಂದು ಎಣಿಸಲಿಲ್ಲ. ಮುಂದೆ ಅದು ಕೆಟ್ಟಾಗ ಹಳ್ಳಿಯ ಮೆಕ್ಯಾನಿಕ್ ತನಗೆ ತಿಳಿದ ತಾಮ್ರ ಸುತ್ತಿಕೊಟ್ಟರೂ ಅವನೇನೂ ಕೇಳುವುದಿಲ್ಲ. ಉಳಿಸುವುದು ಒಬ್ಬನ ಕೈಲಿ, ಉಳಿದದ್ದು ಇನ್ನೊಬ್ಬನ ಜೇಬಿಗೆ ಎಂಬಂತಿದ್ದರೆ ಯಾವ ಯೋಜನೆಯೂ ಫೋಟೋ ದಾಟಿ ಹೋಗುವುದಿಲ್ಲ.

ಅಳೆಯದೆ ಬಿಟ್ಟದ್ದನ್ನು ಅಳೆಯಬಲ್ಲವನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ ಎಂಬುದನ್ನು ನಮ್ಮ ಸೀಮೆ ಕರೆಂಟಿಗಿಂತ ಮೊದಲು ಕಟ್ಟಿಗೆಯಲ್ಲಿ ಕಲಿತಿದೆ. ಈ ಕತೆ ತಮಗೆ ಯಾರೂ ಹೇಳಿರಲಾರರು. ಒಲೆಗೆ ಎಂದೂ ಮೀಟರು ಕಟ್ಟಿಲ್ಲವಲ್ಲ.

ಎಲ್ಲ ಊರಿಗೂ ಒಂದು ಗುಡ್ಡ, ಒಂದು ಗೋಮಾಳ, ಒಂದಿಷ್ಟು ಕುರುಚಲು ಇದ್ದವು. ಹೆಂಗಸರು ಅಲ್ಲಿಂದ ಪುಳ್ಳೆ ಆರಿಸಿ ಹೊರೆ ಕಟ್ಟಿ ತರುತ್ತಿದ್ದರು, ದನ ಮೇಯುತ್ತಿದ್ದವು, ಸಗಣಿ ಕುಳ್ಳಾಗುತ್ತಿತ್ತು. ಊರಿನ ಒಲೆಗಳಿಗೆ ಹೋಗುವ ಶಕ್ತಿಯೆಲ್ಲ ಅಲ್ಲಿಂದಲೇ. ಒಂದು ಕಿಲೋದ ಲೆಕ್ಕವೂ ಯಾವ ದಫ್ತರದಲ್ಲಿಯೂ ಇರಲಿಲ್ಲ. ಹಾಗಾಗಿ ಕಂದಾಯದ ಕಾಗದಗಳಲ್ಲಿ ಅವು ಸಿ ಮತ್ತು ಡಿ ವರ್ಗದ ಜಮೀನು. ಸರಳವಾಗಿ ಹೇಳುವುದಾದರೆ ಪಾಳು. ಇತ್ತ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ಮರದ ತಿರುಳಿನಿಂದ ನೂಲಿನ ಕಚ್ಚಾಮಾಲು ತೆಗೆಯುವ ಅದಕ್ಕೆ ನೀಲಗಿರಿ ಬೇಕು. 1984ರಲ್ಲಿ ಸರ್ಕಾರ ಮತ್ತು ಆ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆ ಕಟ್ಟಿದವು. ನೀಲಗಿರಿ ಬೆಳೆಸಲು ಅದಕ್ಕೆ ಸುಮಾರು 30,000 ಹೆಕ್ಟೇರ್ ‘ಪಾಳು’ ಭೂಮಿ ಗೊತ್ತು ಮಾಡಲಾಯಿತು. ಕಾರ್ಖಾನೆಗೆ ಎಷ್ಟು ಟನ್ ಬೇಕೆಂಬ ಲೆಕ್ಕ ಪಕ್ಕಾ ಇತ್ತು. ಒಲೆಗೆ ಎಷ್ಟು ಹೊರೆ ಬೇಕೆಂಬುದನ್ನು ಬರೆದಿಟ್ಟವರೇ ಇರಲಿಲ್ಲ. ಬರೆದವರ ಎದುರು ಬರೆಯದವರು ಸೋಲುವುದು ಹೊಸದೇನಲ್ಲ.

ಸೋಲಲಿಲ್ಲ ಎಂಬುದೇ ಆಶ್ಚರ್ಯ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಗೆಳೆಯರು ಹಳ್ಳಿ ಹಳ್ಳಿ ಸುತ್ತಿದರು, ಶಿವರಾಮ ಕಾರಂತರೂ ಸೇರಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಗುಡ್ಡಕ್ಕೆ ನಡೆದು ನೀಲಗಿರಿ ಸಸಿ ಕಿತ್ತರು, ಅದೇ ಗುಂಡಿಯಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದದ್ದು ಅದೇ. 1991ರಲ್ಲಿ ಪಲ್ಪ್‌ವುಡ್ಸ್ ಸಂಸ್ಥೆ ಬಾಗಿಲು ಹಾಕಿತು. ಇಂಧನದ ಬಗ್ಗೆ ಈ ನಾಡಿನಲ್ಲಿ ನಡೆದ ದೊಡ್ಡ ಚಳವಳಿಗಳಲ್ಲಿ ಇದೂ ಒಂದು ಎಂದು ನಾನು ಹೇಳುತ್ತೇನೆ, ಪುಸ್ತಕಗಳು ಇದನ್ನು ಪರಿಸರದ ಅಧ್ಯಾಯದಲ್ಲಿ ಹಾಕುತ್ತವೆ. ಅಂದು ಸಸಿ ಕಿತ್ತವರ ಮನೆಯಲ್ಲಿ ಈಗ ಸಿಲಿಂಡರ್ ಇದೆ. ತುಂಬಿಸಲು ದುಡ್ಡಿಲ್ಲದ ತಿಂಗಳು ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು ಒಲೆಗೆ ಹೋಗುತ್ತವೆ. ಅದರ ಲೆಕ್ಕವೂ ಯಾರಲ್ಲೂ ಇಲ್ಲ. (ನೀಲಗಿರಿ ಪೂರ್ತಿ ಹೋಗಿದೆಯೆಂದು ತಿಳಿಯಬೇಡಿ. ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಕೃಷ್ಣಮೃಗ ವನ್ಯಧಾಮದಲ್ಲಿ ಜಿಂಕೆಗಳು ಇವತ್ತಿಗೂ ಅದರ ನೆರಳಲ್ಲೇ ಹುಲ್ಲು ಹುಡುಕುತ್ತವೆ. ಅವುಗಳಿಗೆ ಇನ್ನೂ ಸುಪ್ರೀಂ ಕೋರ್ಟಿನ ವಿಳಾಸ ಸಿಕ್ಕಿಲ್ಲ.)

ಇನ್ನು ಬ್ಯಾಡಗಿಯ ಬಿಸಿಲು. ತಾವು ಅಳೆಯದ ವಸ್ತುಗಳಲ್ಲಿ ಇದೇ ದೊಡ್ಡದು.

ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಬಂತು. ಡಬ್ಬಿಯೋ ಕಡ್ಡಿಯೋ, ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಹಿಂಡಿ ಎಣ್ಣೆ ತೆಗೆದು ಪರದೇಶಕ್ಕೆ ಕಳಿಸುತ್ತಾರೆ. ಸೋಮವಾರ, ಗುರುವಾರದ ಮಾರುಕಟ್ಟೆಗೆ ಸುಗ್ಗಿಯಲ್ಲಿ ಲಕ್ಷ ಚೀಲ ದಾಟುವ ದಿನಗಳಿವೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನಿಂದಲೂ ಲಾರಿ ಬರುತ್ತವೆ. ಹಣ್ಣು ಮೆಣಸಿನಕಾಯಿ ಮೂರು ಕ್ವಿಂಟಲ್ ಒಣಗಿದರೆ ಸಿಗುವುದು ಹೆಚ್ಚೂಕಡಿಮೆ ಒಂದು ಕ್ವಿಂಟಲ್. ಉಳಿದ ಎರಡು ಕ್ವಿಂಟಲ್ ನೀರು. ಒಂದು ಕಿಲೋ ನೀರನ್ನು ಆವಿ ಮಾಡಲು ಯುನಿಟ್‌ನ ಮೂರರಲ್ಲಿ ಎರಡು ಪಾಲು ಶಾಖ ಬೇಕು, ಇದು ಹೈಸ್ಕೂಲಿನ ವಿಜ್ಞಾನ. ಅಂದರೆ ಒಂದು ಕ್ವಿಂಟಲ್ ಒಣಮೆಣಸಿನಕಾಯಿಯ ಹಿಂದೆ ಸುಮಾರು 130 ಯುನಿಟ್ ಬಿಸಿಲು. ಚೀಲಕ್ಕೆ ಮೂವತ್ತು ಕಿಲೋ ಹಿಡಿಯಿರಿ, ಲಕ್ಷ ಚೀಲ ಬಂದ ಸೋಮವಾರ ಎಪಿಎಂಸಿ ಅಂಗಳದಲ್ಲಿ 39 ಲಕ್ಷ ಯುನಿಟ್ ಕೆಲಸ ಸಾಲಾಗಿ ಕೂತಿರುತ್ತದೆ. ಇದಕ್ಕೆ ಟಿಸಿ ಇಲ್ಲ, ತಂತಿ ಇಲ್ಲ, ಸಬ್ಸಿಡಿ ಇಲ್ಲ, ಉದ್ಘಾಟನೆಗೆ ಮಂತ್ರಿ ಬಂದಿಲ್ಲ. ಸೂರ್ಯನ ಜೊತೆಗಿನ ಸಹಾಯಕ ಸಿಬ್ಬಂದಿ ಎಂದರೆ ಕಣದಲ್ಲಿ ದಿನಕ್ಕೆರಡು ಸಲ ಕಾಯಿ ತಿರುವಿ, ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಹಾಕಿ ತಾಡಪತ್ರಿ ಹೊದಿಸುವ ಮನೆಮಂದಿ, ಮತ್ತೆ ಕಣ್ಣೀರು ಸೀನು ಒಂದಾಗಿ ತುಂಬು ಬಿಡಿಸುವ ಹೆಂಗಸರು. ಸುಸ್ಥಿರ ಇಂಧನದ ಮೇಲೆ ಹಾವೇರಿಯಲ್ಲೊಂದು ಕಾರ್ಯಾಗಾರವಾದರೆ ವೇದಿಕೆಯ ಮೇಲೆ ಇವರಿಗೆ ಕುರ್ಚಿ ಹಾಕುವುದು ನನಗಂತೂ ಅನುಮಾನ. ಅತಿಥಿಗಳ ಕೊರಳಿಗೆ ಯಾಲಕ್ಕಿ ಹಾರ ಮಾತ್ರ ತಪ್ಪುವುದಿಲ್ಲ.

ತಮಾಷೆ ಮುಂದಿದೆ. ಬಿಸಿಲು ಇಷ್ಟೆಲ್ಲ ದುಡಿದು ಕಾಯಿ ಒಣಗಿಸಿಕೊಟ್ಟ ಮೇಲೆ ನಾವು ಮಾಡುವ ಮೊದಲ ಕೆಲಸ ಅದೇ ಬಿಸಿಲಿನಿಂದ ಕಾಯಿಯನ್ನು ಬಚ್ಚಿಡುವುದು. ಬೆಳಕು, ಕಾವು ತಗುಲಿದರೆ ಬಣ್ಣ ಮಾಸುತ್ತದೆ. ಆದ್ದರಿಂದ ಕೋಲ್ಡ್ ಸ್ಟೋರೇಜು, ಒಳಗೆ ಕತ್ತಲೆ, ತಂಪು. ಹೊರಗೆ ಏಪ್ರಿಲ್ ಮೇ ತಿಂಗಳ ಸೂರ್ಯ ತಗಡಿನ ಚಾವಣಿ ಕಾಯಿಸುತ್ತಿರುತ್ತಾನೆ. ಒಳಗೆ ಅವನ ಕಾವನ್ನು ಹೊರದೂಡಲು ಕಂಪ್ರೆಸರ್ ಓಡುತ್ತದೆ. ಅದು ಓಡುವ ಕರೆಂಟಿನಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಸುಟ್ಟ ಕಲ್ಲಿದ್ದಲಿನ ಪಾಲೂ ಇರುತ್ತದೆ. ತಾವು ಆ ಕಟ್ಟಡದ ಬಾಗಿಲಲ್ಲೇ ಕೂತು ಒಂದೊಂದು ಯುನಿಟ್ ಎಣಿಸುತ್ತೀರಿ, ತಲೆಯೆತ್ತಿ ಚಾವಣಿ ನೋಡುವುದಿಲ್ಲ. ಬ್ಯಾಡಗಿಯ ಅಷ್ಟೂ ಕೋಲ್ಡ್ ಸ್ಟೋರೇಜುಗಳ ಚಾವಣಿಗೆ ಫಲಕ ಹೊದಿಸಿದರೆ ಸೂರ್ಯನಿಗೆ ಎರಡನೇ ಪಾಳಿ ಸಿಕ್ಕೀತು. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು, ತಂಪು ಬೇಕಾಗುವುದೂ ಆಗಲೇ. ಇಂಥ ಗಂಟು ಬೇರೆ ಉದ್ಯಮಕ್ಕೆ ಸುಲಭಕ್ಕೆ ಕೂಡಿ ಬರುವುದಿಲ್ಲ.

ಇದೇ ಎಪಿಎಂಸಿ ಅಂಗಳದಲ್ಲಿ ಇನ್ನೊಂದು ಶಕ್ತಿಯೂ ಇದೆ, ರೈತನ ಸಿಟ್ಟು. ಅದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಎಪಿಎಂಸಿಯಲ್ಲಿ ವಾಹನಗಳು ಹೊತ್ತಿ ಉರಿದವು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ಗೊಬ್ಬರವೂ ಇಂಧನವೇ ಸಾಹೇಬರೇ. ಯೂರಿಯಾ ಎಂದರೆ ನೈಸರ್ಗಿಕ ಅನಿಲದ ಬಿಳಿ ಹರಳು. ಅದೇ 2008ರಲ್ಲಿ ಪಂಪ್‌ಸೆಟ್‌ಗೆ ಪುಕ್ಕಟೆ ಕರೆಂಟು ಘೋಷಣೆಯಾಯಿತು. ಒಂದನ್ನು ಸಾಲಿನಲ್ಲಿ ನಿಂತು ಬೇಡಬೇಕು, ಇನ್ನೊಂದನ್ನು ಲೆಕ್ಕ ಕೇಳದೆ ಸುರಿಯುತ್ತಾರೆ. ಹೊಲ ಎರಡಕ್ಕೂ ಒಂದೇ.

ಈಗ ತಾವು ಬರುವ ವಿಚಾರ. ಹಾಗೇ ಬರಬೇಡಿ, ಬರುವ ರೀತಿ ಇದೆ.

ಮೊದಲ ಸಲಕ್ಕೆ ಮನೆ ಮನೆಯ ಬೋರಿಗೆ ಬರಬೇಡಿ, ಪ್ರತಿ ಟಿಸಿಗೆ ಬನ್ನಿ. ತಿಂಗಳಿಗೊಮ್ಮೆ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಯಾವ ಟಿಸಿಯ ಕೆಳಗೆ ಎಷ್ಟು ಪಂಪು, ಎಷ್ಟು ಯುನಿಟ್, ಸೋರಿದ್ದೆಷ್ಟು ಎಂದು ಊರಿಗೆ ಗೊತ್ತಾಗಲಿ. ಕೊಂಡಿ ಹಾಕಿದವನ ಹೆಸರು ಹೇಳುವ ಅಗತ್ಯವೇ ಬರುವುದಿಲ್ಲ, ಊರು ತಾನೇ ಊಹಿಸುತ್ತದೆ. ಆಮೇಲೆ ಪಂಜಾಬಿನಲ್ಲಿ ತಾವು ಹಾಕಿಕೊಂಡ ವೇಷ ಹಾಕಿಕೊಂಡು ಬನ್ನಿ. ಅಲ್ಲಿ 2018ರಲ್ಲಿ ‘ನೀರು ಉಳಿಸಿ, ಹಣ ಗಳಿಸಿ’ ಎಂಬರ್ಥದ ಯೋಜನೆ ಶುರುವಾಯಿತು. ಕರೆಂಟು ಪುಕ್ಕಟೆಯಾಗಿಯೇ ಉಳಿಯಿತು. ಪಂಪಿಗೆ ಇಷ್ಟೆಂದು ಯುನಿಟ್ ನಿಗದಿ, ಅದರಲ್ಲಿ ಉಳಿಸಿದ ಪ್ರತಿ ಯುನಿಟ್‌ಗೆ ನಾಲ್ಕು ರೂಪಾಯಿ ರೈತನ ಖಾತೆಗೆ. ಬಿಲ್ಲು ತರುವ ಮೀಟರಲ್ಲ, ಪಗಾರ ತರುವ ಮೀಟರು! ಕಟ್ಟೆಯ ಮೇಲೆ ಈ ವೇಷದಲ್ಲಿ ಕಾಣಿಸಿಕೊಂಡರೆ ತಮಗೆ ಚಹಾ ಗ್ಯಾರಂಟಿ. ನಿಗದಿ ಮಾಡುವಾಗ ಮಾತ್ರ ಗೃಹಜ್ಯೋತಿಯ ಬುದ್ಧಿ ಉಪಯೋಗಿಸಬೇಡಿ. ಹಿಂದೆ ಹೆಚ್ಚು ಸುಟ್ಟವನಿಗೆ ಹೆಚ್ಚು ಪಾಲು ಎಂದರೆ ಹನಿ ನೀರಾವರಿ ಮಾಡಿ ನೀರು ಕಾದವನು ತಲೆ ಚಚ್ಚಿಕೊಳ್ಳಬೇಕಾಗುತ್ತದೆ. ಎಕರೆಗೆ ಇಷ್ಟು, ಬೆಳೆಗೆ ಇಷ್ಟು ಎಂದು ಹಿಡಿಯಿರಿ.

ಸೌರ ಪಂಪು ಬಂತಲ್ಲ, ನೀನೇಕೆ ಇನ್ನೂ ಕರೆಂಟಿನ ಮಾತಾಡುತ್ತೀ ಎಂದು ತಾವು ಕೇಳಬಹುದು. ಅದರ ಬೆಲೆಯಲ್ಲಿ ಕೇಂದ್ರದ್ದು ಶೇಕಡಾ 30, ರಾಜ್ಯದ್ದು 50, ರೈತನದು 20. ಲೈನಿನಿಂದ ದೂರ ಇರುವವರಿಗೆ ಒಳ್ಳೆಯದೇ, ರಾತ್ರಿ ಹಾವಿನ ಕಾಟವಿಲ್ಲ. ಆದರೆ ಲೈನಿಗೆ ಸೇರದ ಸೌರ ಪಂಪು ತಾವಿಲ್ಲದ ಇನ್ನೊಂದು ಅಂಗಳ. ಬಿಸಿಲಿರುವವರೆಗೆ ಎತ್ತುತ್ತದೆ, ನಿಲ್ಲಿಸಿದರೆ ಫಲಕದ ಬಿಸಿಲು ಯಾರಿಗೂ ದಕ್ಕುವುದಿಲ್ಲ. ಹಾಗಾಗಿ ಯಾರೂ ನಿಲ್ಲಿಸುವುದಿಲ್ಲ, ಬೋರಿನೊಳಗಿನ ನೀರು ಕೆಳಗಿಳಿಯುತ್ತಲೇ ಇರುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಊರಿನವರು ಇದಕ್ಕೊಂದು ದಾರಿ ಹುಡುಕಿದ್ದಾರೆ. 2016ರಲ್ಲಿ ಕೆಲವೇ ರೈತರು ಸಹಕಾರ ಸಂಘ ಕಟ್ಟಿ ತಮ್ಮ ಸೌರ ಪಂಪುಗಳನ್ನು ಲೈನಿಗೆ ಜೋಡಿಸಿದರು. ನೀರು ಬೇಕಾದಾಗ ಪಂಪು, ಬೇಡವಾದಾಗ ಕರೆಂಟು ಕಂಪನಿಗೆ ಮಾರಾಟ. ಅಲ್ಲಿ ಬಿಸಿಲು ಕೂಡ ಒಂದು ಬೆಳೆ, ನೀರೆತ್ತಿದಷ್ಟೂ ಆ ಬೆಳೆ ಕಡಿಮೆ. ಅದಕ್ಕೂ ಮೊದಲೇ, 2014ರಲ್ಲಿ ನಮ್ಮದೇ ಸರ್ಕಾರ ‘ಸೂರ್ಯ ರೈತ’ ಎಂಬ ಹೆಸರಿನಲ್ಲಿ ಇದನ್ನೇ ತಂದಿತ್ತು, ಕನಕಪುರ ತಾಲೂಕಿನಲ್ಲಿ ಪ್ರಯೋಗವೂ ಆಯಿತು. ಅಲ್ಲಿಂದ ಬ್ಯಾಡಗಿಗೆ ಬಸ್ಸಿದೆ, ಯೋಜನೆ ಹತ್ತಲಿಲ್ಲ.

ಪಾವಗಡದ ಸೌರ ಪಾರ್ಕಿನಲ್ಲೂ ಬಿಸಿಲಿಗೆ ಮೀಟರು ಬಿದ್ದಿದೆ. 13,000 ಎಕರೆ, 2,050 ಮೆಗಾವಾಟ್. ಅಲ್ಲಿ ರೈತನಿಗೆ ಸಿಗುವುದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ; ಬಿಸಿಲು ಕಂಪನಿಯ ಖಾತೆಗೆ. ಬರದ ನಾಡಿಗೆ ಅದೂ ದೊಡ್ಡದೇ, ಹಗುರವಾಗಿ ಮಾತಾಡುವುದಿಲ್ಲ. ಆದರೆ ನಮ್ಮ ಎರೆ ಹೊಲ ಬಿಟ್ಟುಕೊಟ್ಟು ಬಾಡಿಗೆ ಎಣಿಸುವ ದಿನ ಬರುವ ಮೊದಲು, ಬದುವಿನ ಮೇಲೆ, ಕೊಟ್ಟಿಗೆಯ ಮೇಲೆ ನಾಲ್ಕು ಫಲಕ ಹಾಕಿ ತಾವೇ ಎರಡೂ ಕಡೆ ತಿರುಗುವಂತೆ ಮಾಡಿಕೊಳ್ಳುವುದು ನಮಗೆ ಲೇಸು. ಮನೆಯ ಮೇಲೆ ಹಾಕಿಸಲು 2024ರಿಂದ ಕೇಂದ್ರದ ಸೂರ್ಯಘರ್ ಯೋಜನೆ 78,000 ರೂಪಾಯಿವರೆಗೆ ಕೊಡುತ್ತದೆ. ಇಲ್ಲಿ ಅದಕ್ಕೆ ಅಡ್ಡಗಾಲು ಗೃಹಜ್ಯೋತಿ: ಬಿಲ್ಲೇ ಇಲ್ಲದವನು ಬಿಲ್ ಉಳಿಸಲು ಸಾಲ ಯಾಕೆ ಮಾಡುತ್ತಾನೆ? ಎರಡು ಸರ್ಕಾರಗಳು ಎರಡು ಕೈಯಿಂದ ಕೊಡುತ್ತಿವೆ, ಒಂದು ಕೈ ಇನ್ನೊಂದರ ಮಣಿಕಟ್ಟು ಹಿಡಿದಿದೆ. ಗೃಹಜ್ಯೋತಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟನ್ನು ಆ ಮುದುಕಿಯ ಮಾಳಿಗೆಯ ಮೇಲಿನ ಫಲಕಕ್ಕೇ ಕಟ್ಟಿದರೆ ಆಗುವುದಿಲ್ಲವೇ ಎಂದು ತಾವಾದರೂ ಕೇಳಿ. ನಾವು ಕೇಳಿದರೆ ಪುಕ್ಕಟೆ ಬೇಡವೆನ್ನುವ ಶ್ರೀಮಂತ ಎಂದು ಬೋರ್ಡು ಹಾಕುತ್ತಾರೆ.

ಇಷ್ಟಾಗಿ, ತಾವು ಬರದೇ ಇದ್ದರೂ ಲೋಕ ನಿಲ್ಲುವುದಿಲ್ಲ. ಟಿಸಿ ರಿಪೇರಿಗೆ ಹೋಗಿದೆ, ಟ್ರ್ಯಾಕ್ಟರ್ ಬಾಡಿಗೆಗೆ ಪಟ್ಟಿ ಎತ್ತುತ್ತಿದ್ದಾರೆ, ಪಂಪಿಗೆ ಇಷ್ಟೆಂದು ಸಮಪಾಲು. ಮೂರು ಎಚ್‌ಪಿಯವನೂ ಹತ್ತು ಎಚ್‌ಪಿಯವನೂ ಒಂದೇ ದುಡ್ಡು ಕೊಡಬೇಕಂತೆ. ಯಾರು ಎಷ್ಟು ಬಳಸಿದರು ಎಂದು ಜಗಳ ಹತ್ತಿದೆ, ನೋಡಿ ಹೇಳುವವರು ಯಾರೂ ಇಲ್ಲ.

ಇಂತಿ ತಮ್ಮ ದಾರಿ ಕಾಯುವ,
ಆರ್‌.ಆರ್. ನಂಬರ್ ಇದ್ದೂ ರೀಡಿಂಗ್ ಇಲ್ಲದ ಒಬ್ಬ ಗ್ರಾಹಕ

ತಾ.ಕ.: ಬರುವುದಾದರೆ ಹಗಲು ಪಾಳಿಯ ವಾರ ನೋಡಿಕೊಂಡು ಬನ್ನಿ. ರಾತ್ರಿ ತ್ರೀ ಫೇಸ್ ಇರುವ ವಾರ ಹಗಲೆಲ್ಲ ಊರು ಮಲಗಿರುತ್ತದೆ, ಬಾಗಿಲು ತೆರೆಯುವವರು ಸಿಗುವುದಿಲ್ಲ.